ಮಂಗಳವಾರದ ಹೊಟ್ಟೆನೋವು

ಹಿಟ್ಟಿನ ಗಿರಣಿಯವರ ಮನೆಯ ಮಗುವಿಗೆ ಗೋಧಿ ಆಗುವುದಿಲ್ಲ ಎಂದರೆ ಯಾರು ನಂಬುತ್ತಾರೆ? ಚೀಟಿಯಕ್ಕನೂ ಮೊದಲು ನಂಬಲಿಲ್ಲ. ಡಾಕ್ಟರಮ್ಮನ ಮೇಜಿನ ಮೇಲಿದ್ದ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಹೆಸರು ನಮ್ಮದೇ ತಾನೇ, ವಯಸ್ಸು ಹತ್ತೇ ತಾನೇ ಎಂದು ಎರಡೆರಡು ಸಲ ನೋಡಿದಳು. ಪಾರ್ಸೆಲ್ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಗಂಟುಮೂಟೆಗಳಿಗೆ ಚೀಟಿ ಅಂಟಿಸುತ್ತಿದ್ದವಳು ಅವಳು. ಒಬ್ಬರ ಗಂಟು ಇನ್ನೊಬ್ಬರ ಮನೆಗೆ ಹೋಗುವುದು ಎಷ್ಟು ಸಲೀಸು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಫೀಸಿನಲ್ಲಿ ಅವಳಿಗೆ ಚೀಟಿಯಕ್ಕ ಎಂಬ ಹೆಸರು ಬಿದ್ದದ್ದೂ ಅದಕ್ಕೇ. ಆದರೆ ಈ ಕಾಗದ ಅವರದೇ ಆಗಿತ್ತು.

“ರಕ್ತಪರೀಕ್ಷೆ ಇನ್ನೂರ ಹತ್ತು ತೋರಿಸ್ತಿದೆ,” ಎಂದರು ಡಾಕ್ಟರಮ್ಮ. “ಹತ್ತರೊಳಗೆ ಇರಬೇಕಾದ್ದು.”

ಪಕ್ಕದ ಕುರ್ಚಿಯಲ್ಲಿ ಮಗಳು ಕಾಲು ಆಡಿಸುತ್ತ ಕೂತಿದ್ದಳು. ಅವಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಹತ್ತು ತುಂಬಿದ್ದರೂ ಏಳರ ಮಗುವಿನಂತೆ ಕಾಣುತ್ತಿದ್ದ ಅವಳನ್ನು ತಾತ ‘ಕಾಳು’ ಎಂದು ಕರೆಯುತ್ತಿದ್ದರು, ಮನೆಯವರಿಗೂ ಅದೇ ರೂಢಿಯಾಗಿತ್ತು. ಎರಡು ವರ್ಷದಿಂದ ಕಾಳಿನ ಹೊಟ್ಟೆ ಉಬ್ಬುವುದು, ನೋಯುವುದು, ಮುಖ ಬಿಳುಚಿಕೊಳ್ಳುವುದು ನಡೆದೇ ಇತ್ತು. ಹುಳದ ಔಷಧಿ ಕುಡಿಸಿದ್ದಾಯಿತು, ಹಸಿವಿನ ಟಾನಿಕ್ ಕುಡಿಸಿದ್ದಾಯಿತು. “ಸ್ಕೂಲಿಗೆ ಹೋಗೋಕೆ ಸೋಮಾರಿತನ ಕಣೇ” ಎಂದು ಗಂಡ ನಕ್ಕದ್ದೂ ಆಯಿತು. ನಕ್ಕದ್ದಕ್ಕೆ ಅವನು ಈಗ ಮುಖ ಎಲ್ಲಿಡಬೇಕೋ ತಿಳಿಯದೆ ಆಸ್ಪತ್ರೆಯ ಹೊರಗೆ ವ್ಯಾನಿನಲ್ಲೇ ಕೂತಿದ್ದ.

“ಗೋಧಿ, ಬಾರ್ಲಿ ಇಂಥವುಗಳಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತೆ,” ಎಂದರು ಡಾಕ್ಟರಮ್ಮ. “ಹಿಟ್ಟು ನಾದಿ ಎಳೆದ್ರೆ ಜಗ್ಗುತ್ತಲ್ಲ, ಅದೇ. ಇವಳ ಕರುಳಿಗೆ ಅದು ಆಗಿಬರಲ್ಲ. ಕರುಳಿನ ಒಳಪದರ ಸವೆದುಹೋಗಿದೆ, ಅದಕ್ಕೇ ತಿಂದದ್ದು ಮೈಗೆ ಹತ್ತುತ್ತಿಲ್ಲ. ಇದಕ್ಕೆ ಮಾತ್ರೆ ಇಲ್ಲ, ಊಟಾನೇ ಔಷಧಿ. ಒಂದು ಚಿಟಿಕೆ ಹಿಟ್ಟೂ ಒಳಗೆ ಹೋಗಬಾರದು.”

“ಸರಿ ಹೋಗ್ತಾಳಾ?”

“ನೀವು ಬಿಗಿಯಾಗಿದ್ರೆ ಸರಿ ಹೋಗ್ತಾಳೆ. ಆದ್ರೆ ಇದು ಬೆಳೆಯೋ ವಯಸ್ಸು. ಇನ್ನೆರಡು ಮೂರು ವರ್ಷ ಹೀಗೇ ಕಳೆದುಬಿಟ್ರೆ, ಆಮೇಲೆ ಎಷ್ಟು ಚೆನ್ನಾಗಿ ಹಾಕಿದ್ರೂ ಹೋದ ಎತ್ತರ ವಾಪಸ್ ಬರಲ್ಲ. ಆರು ತಿಂಗಳಲ್ಲಿ ಈ ಇನ್ನೂರ ಹತ್ತು ಅರ್ಧಕ್ಕಾದರೂ ಇಳೀಬೇಕು.”

ಚೀಟಿಯಕ್ಕ ಮಗಳ ಆಡುವ ಕಾಲನ್ನೇ ನೋಡಿದಳು. ಇಳಿಸ್ತೀನಿ, ಇಳಿಸದೆ ಬಿಟ್ಟರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡಳು.

ಮನೆಗೆ ಬಂದು ಮಾವನಿಗೆ ಹೇಳಿದಳು. ನಲವತ್ತೆಂಟು ವರ್ಷ ಒಂದೇ ಕಲ್ಲಿನ ಮುಂದೆ ನಿಂತು ಹಿಟ್ಟು ಬೀಸಿದ ಮನುಷ್ಯ. ಕಿವಿಯ ಕೂದಲಿನಿಂದ ಕಾಲಿನ ಉಗುರಿನವರೆಗೂ ಹಿಟ್ಟು. ಎರಡು ಬೆರಳಲ್ಲಿ ಹಿಟ್ಟು ತಿಕ್ಕಿ ನೋಡಿ, ಧಾನ್ಯದಲ್ಲಿ ಪಸೆ ಎಷ್ಟಿತ್ತು, ಕಲ್ಲು ಎಷ್ಟು ಬಿಗಿಯಾಗಿತ್ತು ಎಂದು ಹೇಳಿಬಿಡುತ್ತಿದ್ದರು.

“ಊರಿಗೆಲ್ಲ ಹಿಟ್ಟು ಕೊಟ್ಟೆ. ನನ್ನ ಮೊಮ್ಮಗಳಿಗೆ ಹಿಟ್ಟೇ ಆಗಲ್ವಾ?” ಎಂದರು.

“ಗೋಧಿ ಆಗಲ್ಲ, ಅಷ್ಟೇ ಮಾವ. ಅಕ್ಕಿ ಆಗುತ್ತೆ, ಜೋಳ ಆಗುತ್ತೆ. ಅಂಗಡೀಲಿ ಅಕ್ಕಿ ಹಿಟ್ಟು ತರೋಣ ಅಂದ್ರೆ ಅದು ಯಾವ ಮಿಷನ್ನಲ್ಲಿ ಬೀಸಿದ್ದೋ.”

“ಅಂಗಡಿ ಹಿಟ್ಟಾ?” ಮುದುಕರು ಎದ್ದೇ ನಿಂತರು. “ನಾನು ಇನ್ನೂ ಬದುಕಿದ್ದೀನಿ ತಾಯಿ! ಕಾಳಿಗೆ ಹಿಟ್ಟು ನಾನೇ ಬೀಸ್ತೀನಿ. ಸೋಮವಾರ ಗಿರಣಿಗೆ ರಜ. ಬೆಳಿಗ್ಗೆ ಹೋಗಿ ಮಿಷನ್ ಬಿಚ್ಚಿ, ಬ್ರಷ್ ಹಾಕಿ, ಗಾಳಿ ಹೊಡೆದು, ಒಂದು ಧೂಳು ಇಲ್ಲದ ಹಾಗೆ ಮಾಡಿ ಬೀಸ್ತೀನಿ.”

ಚೀಟಿಯಕ್ಕನಿಗೆ ಗಿರಣಿಯ ಕೆಲಸ ಗೊತ್ತಿಲ್ಲದ್ದೇನಲ್ಲ. ಎಷ್ಟೇ ಬ್ರಷ್ ಹಾಕಿದರೂ ಕಲ್ಲಿನ ಕಚ್ಚುಗಳಲ್ಲಿ ಹಿಂದಿನವರ ಹಿಟ್ಟು ಕೂತಿರುತ್ತದೆ, ಹೊಸ ಧಾನ್ಯ ಹಾಕಿದಾಗ ಮೊದಲು ಅದೇ ಹೊರಗೆ ಬರುತ್ತದೆ. ಇದಕ್ಕಾಗಿ ಗಿರಣಿಯ ಮುಂದೆ ಹೆಂಗಸರು ಜಗಳ ಆಡುವುದನ್ನೂ ನೋಡಿದ್ದಳು. “ಮೊದಲು ಎರಡು ಸೇರು ಅಕ್ಕಿ ಬೀಸಿ ಕಲ್ಲು ತೊಳೀರಿ ಮಾವ. ಆ ಹಿಟ್ಟು ಬೇಡ. ಆಮೇಲೆ ಬರೋದು ಮಾತ್ರ ಡಬ್ಬಿಗೆ” ಎಂದಳು.

“ನಂಗೆ ಹೇಳಿಕೊಡ್ತೀಯಾ?” ಎಂದು ನಕ್ಕರು ಮಾವ. ಆ ನಗುವನ್ನು ಅವಳು ಒಪ್ಪಿಗೆ ಎಂದುಕೊಂಡಳು.

ಅವತ್ತಿನಿಂದ ಮನೆಯಲ್ಲಿ ಯುದ್ಧ. ಚೀಟಿಯಕ್ಕ ಟೊಂಕ ಕಟ್ಟಿ ನಿಂತಳು. ಮರದ ಸೌಟು, ಲಟ್ಟಣಿಗೆ, ಮಣೆ, ಗೀರುಬಿದ್ದ ಬಾಣಲೆ, ಹಳೇ ಜರಡಿ, ಇವನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿ ಸಾಗಹಾಕಿದಳು. ಲಟ್ಟಣಿಗೆ ಅವಳ ತವರಿನದು, ಅದನ್ನು ಹಾಕುವಾಗ ಕೈ ಒಂದು ಕ್ಷಣ ತಡೆಯಿತು, ಆದರೂ ಹಾಕಿದಳು. ಕಪಾಟಿನಲ್ಲಿದ್ದ ಮಸಾಲೆ ಪುಡಿಗಳ ಪೊಟ್ಟಣಗಳನ್ನು ಕನ್ನಡಕ ಏರಿಸಿಕೊಂಡು ಒಂದೊಂದಾಗಿ ಓದಿದಳು. ಇಂಗಿನ ಡಬ್ಬಿಯಲ್ಲಿ ಮೈದಾ! ಯಾರಿಗೆ ಗೊತ್ತಿತ್ತು ಹೇಳಿ? ಇಂಗು ತಿಂದೆವು ಎಂದುಕೊಂಡು ಇಷ್ಟು ವರ್ಷ ಮೈದಾ ತಿಂದಿದ್ದರು. ಅವಳಿಗೆ ಮೈಯೆಲ್ಲ ಉರಿದು, ಆ ಡಬ್ಬಿಯನ್ನು ಕಿಟಕಿಯಿಂದಲೇ ಎಸೆದಳು. ಕೆಳಗೆ ಹೋಗುತ್ತಿದ್ದ ಪೋಸ್ಟ್‌ಮ್ಯಾನ್ “ಏನಮ್ಮಾ ಇದು!” ಎಂದು ಕೂಗಿದ.

ಹೊಸ ಡಬ್ಬಿಗಳು ಬಂದವು, ಪ್ರತಿ ಡಬ್ಬಿಗೂ ಚೀಟಿ ಬಂತು. ಗಂಡ, ಮಾವ ಇಬ್ಬರೂ ಗಿರಣಿಯಿಂದ ಬಂದವರು ಹಿಂಬಾಗಿಲಲ್ಲೇ ಬಟ್ಟೆ ಬಿಚ್ಚಿ, ತಲೆಗೆ ನೀರು ಹಾಕಿಕೊಂಡ ಮೇಲೇ ಒಳಗೆ. ಗೋಡೆಯ ಮೇಲೆ ವಾರದ ಪಟ್ಟಿ ಏರಿತು: ಬೆಳಿಗ್ಗೆ ಅಕ್ಕಿ ಗಂಜಿ, ಮೊಟ್ಟೆ; ಮಧ್ಯಾಹ್ನದ ಡಬ್ಬಿಗೆ ಅಕ್ಕಿ ಹಿಟ್ಟಿನ ರೊಟ್ಟಿ, ಬೇಯಿಸಿದ ತರಕಾರಿ; ಸಂಜೆ ಜೋಳದ ತೆನೆಯೋ ಬಾಳೆಹಣ್ಣೋ; ರಾತ್ರಿ ಅನ್ನ, ಬೇಳೆ, ಮೀನು. ಮನೆಗೆಲ್ಲ ಒಂದೇ ಅಡುಗೆ. “ಮಗೂಗೊಂದು ನಮಗೊಂದು ಅಂತ ಮಾಡಿದ್ರೆ ಅದು ನಮ್ಮ ತಟ್ಟೆ ನೋಡ್ಕೊಂಡು ಕೂತಿರುತ್ತೆ” ಎಂದಳು ಅವಳು. ಬೆಳಗಿನ ಬ್ರೆಡ್ಡಿಗೆ ಜೀವ ಬಿಡುತ್ತಿದ್ದ ಗಂಡ, ಪಾಪ, ಗಂಜಿಯ ಬಟ್ಟಲು ಹಿಡಿದು ಕೂತ.

ಮೊದಲ ಹದಿನೈದು ದಿನದ ರೊಟ್ಟಿಗಳ ಕಥೆ ಕೇಳಬೇಡಿ. ಅಂಟೇ ಇಲ್ಲದ ಹಿಟ್ಟು, ತಟ್ಟಿದರೆ ಬಿರಿಯುತ್ತದೆ, ಎತ್ತಿದರೆ ಮುರಿಯುತ್ತದೆ. ಒಂದು ದಿನ ಗಂಡ ರೊಟ್ಟಿಯನ್ನು ಮೇಜಿಗೆ ಬಡಿದು ಸದ್ದು ಮಾಡಿ, “ಇದನ್ನ ಗಿರಣಿಗೆ ತಗೊಂಡು ಹೋಗ್ತೀನಿ ಕಣೇ, ಕಲ್ಲು ಸವೆದಿದೆ, ಬದಲಾಯಿಸಬೇಕು” ಎಂದ. ಕಾಳು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚೀಟಿಯಕ್ಕ ನಗಲಿಲ್ಲ. ಕುದಿಯುವ ನೀರಿಗೆ ಹಿಟ್ಟು ಹಾಕಿ ಮುಚ್ಚಿಟ್ಟು, ಬಿಸಿ ಇರುವಾಗಲೇ ಅಂಗೈ ಸುಟ್ಟುಕೊಂಡು ನಾದಬೇಕು ಎಂದು ಹದಿನಾರನೇ ದಿನ ಪತ್ತೆ ಹಚ್ಚಿದಳು. ಹದಿನೇಳನೇ ದಿನದ ರೊಟ್ಟಿ ಉಬ್ಬಿತು. “ಬಂತು ನೋಡ್ರೀ!” ಎಂದು ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತೆರೆದರು.

ಇದೆಲ್ಲದರ ಜೊತೆಗೆ ಒಂದು ನೋಟ್‌ಬುಕ್. ದಿನಾ ಏನು ತಿಂದಳು, ಎಷ್ಟು ತಿಂದಳು, ಹೊಟ್ಟೆ ಹೇಗಿತ್ತು. ನೋವು ಬಂದ ದಿನ ಕೆಂಪು ಗುಂಡು. ಮೊದಮೊದಲು ಪುಟದ ತುಂಬ ಕೆಂಪು. ಆಮೇಲಾಮೇಲೆ ಕಡಿಮೆಯಾಯಿತು. ಆದರೆ ಪೂರ್ತಿ ಹೋಗಲಿಲ್ಲ. ಕಾಳಿನ ತೂಕದ ಮುಳ್ಳು ಅಲ್ಲೇ ಅಂಟಿಕೊಂಡಿತ್ತು, ಬಾಗಿಲ ಚೌಕಟ್ಟಿನ ಮೇಲೆ ಎತ್ತರ ಗುರುತು ಮಾಡಿದ ಪೆನ್ಸಿಲ್ ಗೀಟೂ ಮೇಲೇರಲಿಲ್ಲ.

ಆರು ತಿಂಗಳಾಯಿತು. ಹೊಸ ಕಾಗದ ಬಂತು. ನೂರ ತೊಂಬತ್ತೈದು.

ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಎಲ್ಲಿಂದಲೋ ಒಳಗೆ ಹೋಗ್ತಾ ಇದೆ. ಹೊರಗೇನಾದ್ರೂ ತಿಂತಾಳಾ?”

“ಇಲ್ಲ,” ಎಂದಿತು ಕಾಳು, ಯಾರೂ ತನ್ನನ್ನು ಕೇಳದಿದ್ದರೂ.

“ಗೊತ್ತಿಲ್ಲ ಡಾಕ್ಟ್ರೇ,” ಎಂದಳು ಚೀಟಿಯಕ್ಕ. ಮಗಳು ತಿರುಗಿ ಅವಳ ಮುಖ ನೋಡಿದಳು.

ಮನೆಗೆ ಬಂದವಳೇ ನೋಟ್‌ಬುಕ್ ಹರಡಿಕೊಂಡು ಕೂತಳು. ಆರು ತಿಂಗಳ ಕೆಂಪು ಗುಂಡುಗಳ ಮೇಲೆ ಬೆರಳಿಟ್ಟುಕೊಂಡು ಹೋದಳು. ಮಂಗಳವಾರ. ಬುಧವಾರ. ಮತ್ತೆ ಮಂಗಳವಾರ. ಶುಕ್ರವಾರ, ಶನಿವಾರ, ಭಾನುವಾರ ಒಂದೂ ಇಲ್ಲ. ಇಷ್ಟು ದಿನ ಕಣ್ಣಿಗೆ ಬೀಳಲಿಲ್ಲವಲ್ಲ! ಮಂಗಳವಾರ ಏನಿದೆ? ಸ್ಕೂಲಿನಲ್ಲಿ ಆಟದ ಪೀರಿಯಡ್. ಆಟ ಮುಗಿದ ಮೇಲೆ ಮಕ್ಕಳಿಗೆಲ್ಲ ಬಿಸ್ಕತ್ತು ಹಂಚುತ್ತಾರೆ. ತನ್ನ ಮಗಳಿಗೆ ಕೊಡಬೇಡಿ ಎಂದು ಮೇಷ್ಟ್ರಿಗೆ ಅವಳೇ ಪತ್ರ ಬರೆದಿದ್ದಳು. ಆದರೆ ಗೆಳತಿಯರು ಕೊಟ್ಟರೆ?

ಇಲ್ಲಿ ಚೀಟಿಯಕ್ಕ ಒಂದು ತಪ್ಪು ಮಾಡಿದಳು. ಅವಳ ಪರವಾಗಿ ನಾನು ಏನೂ ಹೇಳುವುದಿಲ್ಲ. ಆರು ತಿಂಗಳು ಅಂಗೈ ಸುಟ್ಟುಕೊಂಡವಳು, ಸಿಟ್ಟು ನೆತ್ತಿಗೇರಿತ್ತು ಎನ್ನಬಹುದು, ಆದರೂ ತಪ್ಪು ತಪ್ಪೇ. ಗಂಡ, ಮಾವ ಇಬ್ಬರೂ ಊಟಕ್ಕೆ ಕೂತಿದ್ದಾಗ ಮಗಳ ಸ್ಕೂಲ್ ಬ್ಯಾಗನ್ನು ತಂದು ಎಲ್ಲರ ಎದುರಿಗೇ ತಲೆಕೆಳಗೆ ಮಾಡಿ ಕೊಡವಿದಳು. ಪುಸ್ತಕ ಬಿತ್ತು, ಸ್ಕೇಲು ಬಿತ್ತು, ಬಣ್ಣದ ಪೆನ್ಸಿಲ್ ಬಿತ್ತು. ಕೊನೆಗೆ ಮಿರಿಮಿರಿ ಮಿಂಚುವ ಬಿಸ್ಕತ್ತಿನ ಖಾಲಿ ಪೊಟ್ಟಣ ಬಿತ್ತು.

“ಇದೇನೇ?”

“ಕ್ರಾಫ್ಟಿಗೆ ಇಟ್ಕೊಂಡಿದ್ದು. ನಕ್ಷತ್ರ ಮಾಡೋಕೆ. ನನ್ನ ಫ್ರೆಂಡ್ ಕೊಟ್ಟಳು.”

“ಒಳಗಿಂದು?”

“ಅವಳು ತಿಂದಳು.”

“ಸುಳ್ಳು ಬೇರೆ ಕಲಿತಿದ್ದೀಯಾ? ನಾನು ಇಲ್ಲಿ ಜೀವ ತೇಯ್ತಾ ಇದ್ದೀನಿ, ನೀನು ಅಲ್ಲಿ ಕದ್ದು ತಿಂತೀಯಾ?”

“ಸಾಕು ಮಾಡಮ್ಮ,” ಎಂದರು ಮಾವ. ತಟ್ಟೆ ಸರಿಸಿ ಎದ್ದಿದ್ದರು. “ನನ್ನ ಮೊಮ್ಮಗಳು ಸುಳ್ಳು ಹೇಳಲ್ಲ. ಮಗು ತಿಂದಿಲ್ಲ ಅಂದ ಮೇಲೆ ತಿಂದಿಲ್ಲ.”

“ಹಾಗಾದ್ರೆ ಈ ನೂರ ತೊಂಬತ್ತೈದು ಆಕಾಶದಿಂದ ಉದುರಿತಾ ಮಾವ?”

ಕಾಳು ಅಳಲಿಲ್ಲ. ನೆಲಕ್ಕೆ ಕೂತು ಒಂದೊಂದೇ ಪುಸ್ತಕವನ್ನು ಬ್ಯಾಗಿಗೆ ತುಂಬಿಕೊಂಡಳು. ಅವತ್ತಿನಿಂದ ತಾಯಿಯ ಜೊತೆ ಅವಳ ಮಾತು ಮೂರಕ್ಕಿಳಿಯಿತು: ಬೇಕು, ಬೇಡ, ಸಾಕು. ಜಡೆ ಹಾಕುವಾಗ ತಲೆ ಕೊಡುತ್ತಿದ್ದಳು, ಡಬ್ಬಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದಳು, ಅಷ್ಟೇ. ತಾತನ ಹತ್ತಿರ ಮಾತ್ರ ಗಂಟೆಗಟ್ಟಲೆ ಹರಟೆ.

ಅಷ್ಟರಲ್ಲಿ ಸ್ಕೂಲಿಗೆ ಒಂದು ತಿಂಗಳ ರಜ ಬಂತು. ಚೀಟಿಯಕ್ಕ ಆಫೀಸಿನಲ್ಲಿ ಕಾಡಿ ಬೇಡಿ ಮೂರು ವಾರ ರಜ ಹಾಕಿದಳು. “ಈಗ ನೋಡೇಬಿಡೋಣ” ಎಂದು ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದಳು. ಮಗಳು ಬಚ್ಚಲಿಗೆ ಹೋದರೂ ಬಾಗಿಲಾಚೆ ನಿಲ್ಲುತ್ತಿದ್ದಳು. ಪಕ್ಕದ ಮನೆಗೆ ಆಡಲು ಹೋದರೆ ತಾನೂ ಹೋಗಿ ಕೂತಳು. ಹೊರಗಿನ ಒಂದು ತುಣುಕೂ ಮಗುವಿನ ಬಾಯಿಗೆ ಹೋಗಲಿಲ್ಲ ಎಂದು ಅವಳು ಬೇಕಾದರೆ ಕೋರ್ಟಿನಲ್ಲಿ ಹೇಳುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಕಾಳು ಮಂಚದ ಮೇಲೆ ಮುದುರಿ ಮಲಗಿತು. ಹೊಟ್ಟೆ ತಮಟೆಯಂತೆ ಬಿಗಿದಿತ್ತು. ನೋವೆಂದು ಅವಳು ಹೇಳಲಿಲ್ಲ. ಹೇಳಿ ಪ್ರಯೋಜನವಿಲ್ಲ ಎಂದು ಆ ಮಗು ತೀರ್ಮಾನ ಮಾಡಿಬಿಟ್ಟಿತ್ತು.

ಚೀಟಿಯಕ್ಕ ಬಾಗಿಲಲ್ಲೇ ನಿಂತಳು. ಸ್ಕೂಲಿಲ್ಲ, ಆಟದ ಪೀರಿಯಡ್ ಇಲ್ಲ, ಬಿಸ್ಕತ್ತಿಲ್ಲ. ಮಂಗಳವಾರ ಮಾತ್ರ ಇದೆ. ಅಯ್ಯೋ ದೇವರೇ, ಏನು ಮಾಡಿಬಿಟ್ಟೆ ನಾನು ಎಂದುಕೊಂಡಳು. ಓಡಿಹೋಗಿ ಮಗಳ ಕಾಲು ಹಿಡಿದುಕೊಳ್ಳಬೇಕು ಎನ್ನಿಸಿತು. ಹೋಗಿ ಬಿಸಿನೀರಿನ ಚೀಲವನ್ನು ಹೊಟ್ಟೆಯ ಮೇಲಿಟ್ಟಳು. “ಸಾಕು,” ಎಂದಳು ಮಗಳು ಗೋಡೆಯ ಕಡೆ ತಿರುಗಿ.

ನಾಚಿಕೆಯಲ್ಲಿ ಕೂತು ಅಳುವ ಪೈಕಿಯಲ್ಲ ಚೀಟಿಯಕ್ಕ. ಅಳು ಬಂತು, ನುಂಗಿದಳು, ಅಡುಗೆಮನೆಗೆ ಹೋದಳು. ಕ್ಷಮೆ ಕೇಳುವುದಕ್ಕೆ ಮುಂಚೆ ಆ ವಿಷ ಎಲ್ಲಿಂದ ಬರುತ್ತಿದೆ ಎಂದು ಹಿಡಿಯಬೇಕಿತ್ತು. ಮಂಗಳವಾರ ಹೊಸದಾಗಿ ಈ ಮನೆಯೊಳಗೆ ಏನು ಬರುತ್ತದೆ? ಹಾಲು ದಿನಾ ಬರುತ್ತದೆ. ತರಕಾರಿ ಗುರುವಾರ. ಮೀನು ಶನಿವಾರ. ಕಪಾಟಿನ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಕೊನೆಯ ಡಬ್ಬಿ ದೊಡ್ಡದು, ಅದರ ಮೇಲೆ ಅವಳದೇ ಕೈಬರಹ: ‘ಅಕ್ಕಿ ಹಿಟ್ಟು. ಶುದ್ಧ.’ ಸೋಮವಾರ ಸಂಜೆ ಮಾವ ತುಂಬಿ ತರುತ್ತಾರೆ. ಮಂಗಳವಾರ ಬೆಳಿಗ್ಗೆ ಹೊಸ ಹಿಟ್ಟಿನ ರೊಟ್ಟಿ.

ಸಾಧ್ಯವೇ ಇಲ್ಲ ಎನ್ನಿಸಿತು. ಪ್ರತಿ ಸೋಮವಾರ ಮಿಷನ್ ಬಿಚ್ಚಿ ತೊಳೆಯುತ್ತ ಆ ಮುದುಕರ ಮೊಣಕೈಯ ಚರ್ಮವೇ ಸುಲಿದಿತ್ತು. ಆದರೆ ಮಗಳ ವಿಷಯದಲ್ಲಿ ಒಂದು ಸಲ ನೋಡದೆ ತೀರ್ಪು ಕೊಟ್ಟಾಗಿತ್ತು. ಈ ಸಲ ನೋಡಿಯೇ ಮಾತು ಎಂದು ನಿರ್ಧರಿಸಿದಳು. ಡಬ್ಬಿಯನ್ನು ಮೇಲಿನ ಅಟ್ಟಕ್ಕೆ ತಳ್ಳಿ, ಆ ವಾರವೆಲ್ಲ ಅನ್ನವನ್ನೇ ಮಾಡಿದಳು.

ಮುಂದಿನ ಸೋಮವಾರ ಮಾವ ಹೋಗಿ ಎರಡು ಗಂಟೆಯಾದ ಮೇಲೆ ಅವಳೂ ಗಿರಣಿಗೆ ಹೋದಳು. ಎರಡು ಬೀದಿ ಆಚೆ. ಷಟರ್ ಅರ್ಧ ಏರಿತ್ತು, ಬಗ್ಗಿ ಒಳಗೆ ನುಗ್ಗಿದಳು. ಮೋಟಾರು ನಿಂತಿತ್ತು. ಮಿಷನ್ನು ಒರೆಸಿ ಇಟ್ಟ ಪಾತ್ರೆಯಂತೆ ಹೊಳೆಯುತ್ತಿತ್ತು. ಕಲ್ಲಿನ ಪಕ್ಕದಲ್ಲಿ ಮನೆಯ ಇನ್ನೊಂದು ಡಬ್ಬಿ, ಮುಕ್ಕಾಲು ತುಂಬಿದ ಹಿಟ್ಟು. ಅದರಾಚೆ ಮಾವ ಕಾಲು ಚಾಚಿ ನೆಲಕ್ಕೆ ಕೂತಿದ್ದರು. ಮಡಿಲಲ್ಲಿ ಅಗಲವಾದ ಪಾತ್ರೆ, ಪಾತ್ರೆಯ ಬಾಯಿಗೆ ತೆಳು ಬಟ್ಟೆ ಕಟ್ಟಿ, ಅದರ ಮೇಲೆ ಹಿಟ್ಟು ಸುರಿದು ಮೆಲ್ಲಗೆ, ಬಹಳ ಮೆಲ್ಲಗೆ ಅಲ್ಲಾಡಿಸುತ್ತಿದ್ದರು. ಬಾಯಲ್ಲಿ ಏನೋ ಹಾಡು.

“ಏನ್ ಮಾಡ್ತಿದ್ದೀರಿ ಮಾವ?”

“ಬಂದ್ಯಾ ತಾಯಿ?” ಅವರು ತಲೆಯೆತ್ತಿ ಸಂತೋಷದಿಂದ ನಕ್ಕರು. “ಇದು ಕಲ್ಲು ತೊಳೆದ ಹಿಟ್ಟು. ಗೋಧಿ ಇದ್ರೆ ಅದರ ಹೊಟ್ಟು ಬಟ್ಟೆ ಮೇಲೆ ನಿಂತುಬಿಡುತ್ತೆ, ಕೆಂಪಗೆ ಕಾಣುತ್ತೆ ನೋಡು. ಕೆಳಗೆ ಬೀಳೋದು ಬರೀ ಅಕ್ಕಿ. ನಾಲ್ಕು ಸಲ ಸೋಸ್ತೀನಿ. ಬೆಳ್ಳಗೆ ಹಾಲಿನ ಹಾಗಾಗುತ್ತೆ.”

“ಸೋಸಿ?”

“ಸೋಸಿ ಡಬ್ಬಿಗೆ ಮೇಲೆ ಹಾಕ್ತೀನಿ. ಎರಡು ಸೇರು ಹಿಟ್ಟು ಹೇಗಮ್ಮ ಚೆಲ್ಲೋದು?”

ಚೀಟಿಯಕ್ಕ “ಮಾವ!” ಎಂದು ಕಿರುಚಿದಳು. ಇಷ್ಟು ವರ್ಷದಲ್ಲಿ ಆ ಮನುಷ್ಯರ ಮುಂದೆ ದನಿ ಏರಿಸದವಳು ಕಿರುಚಿಯೇಬಿಟ್ಟಳು. “ಹೊಟ್ಟಲ್ಲ ಮಾವ ವಿಷ, ಬಿಳೀದೇ ವಿಷ! ಗೋಧೀದೂ ಬಿಳೀ ಹಿಟ್ಟೇ ಅಲ್ವಾ? ಯಾವ ಬಟ್ಟೆ ಅದನ್ನ ತಡೆಯುತ್ತೆ? ಮೇಲೆ ಹಾಕಿದ್ದೇ ಮಂಗಳವಾರ ಮೊದಲು ರೊಟ್ಟಿಗೆ ಹೋಗೋದು! ಬೇಡ ಅಂತ ಹೇಳಿರ್ಲಿಲ್ವಾ ನಾನು? ಆರು ತಿಂಗಳು! ಆರು ತಿಂಗಳಿಂದ ಪ್ರತಿ ವಾರ ಅವಳಿಗೆ ಇದನ್ನೇ ತಿನ್ನಿಸಿದ್ದೀವಿ!”

ಮಾವ ಪಾತ್ರೆಯನ್ನು ನೋಡಿದರು. ಎರಡು ಬೆರಳಲ್ಲಿ ಹಿಟ್ಟು ತೆಗೆದು ತಿಕ್ಕಿದರು. ಮತ್ತೆ ತಿಕ್ಕಿದರು. ಊರಿನ ಹಿಟ್ಟಿನ ಜಾತಕವನ್ನೆಲ್ಲ ಹೇಳುತ್ತಿದ್ದ ಬೆರಳುಗಳು ಏನನ್ನೂ ಹೇಳಲಿಲ್ಲ. “ನಂಗೆ ಗೊತ್ತಾಗ್ಲಿಲ್ಲ,” ಎಂದರು. “ಗೋಧಿ ಅಂದ್ರೆ ಕೆಂಪು ಅಂತ… ಕಣ್ಣಿಗೆ ಕಾಣದಿದ್ರೆ ಇಲ್ಲ ಅಂತ…” ಅಷ್ಟು ದೊಡ್ಡ ಮನುಷ್ಯ ಹಿಟ್ಟಿನ ಕೈಯನ್ನೇ ಮುಖಕ್ಕೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಅವಳ ಸಿಟ್ಟು ಅಲ್ಲೇ ಇಳಿಯಿತು ಎಂದರೆ ಸುಳ್ಳಾಗುತ್ತದೆ. ಆದರೂ ಅವರ ಪಕ್ಕದಲ್ಲಿ ಆ ಹಿಟ್ಟಿನ ನೆಲದ ಮೇಲೇ ಕೂತಳು. ಸ್ವಲ್ಪ ಹೊತ್ತಿನ ಮೇಲೆ, “ಮನೇಲಿ ಯಾರಿಗೂ ಹೇಳಲ್ಲ ಮಾವ. ಅಟ್ಟದ ಡಬ್ಬೀಲಿ ಏನೋ ಬೆರೆತಿತ್ತು ಅಂತೀನಿ. ಇನ್ನು ಮೇಲೆ ಗಿರಣಿ ಹಿಟ್ಟು ಬೇಡ, ಅಷ್ಟೇ” ಎಂದಳು.

ಮುದುಕರು ತಟ್ಟನೆ ತಲೆಯೆತ್ತಿದರು. “ಹಾಗೆ ಮಾಡಬೇಡ. ಮಗೂನ ಎಲ್ಲರ ಎದುರಿಗೆ ಕಳ್ಳಿ ಅಂದಾಯ್ತು. ಈಗ ನನ್ನದನ್ನ ಮುಚ್ಚಿಡ್ತೀಯಾ? ನಾನೇ ಹೇಳ್ತೀನಿ, ಎಲ್ಲರ ಎದುರಿಗೇ ಹೇಳ್ತೀನಿ.”

ಹೇಳಿದರು. ಅವತ್ತು ಮಧ್ಯಾಹ್ನವೇ, ಸ್ನಾನ ಮಾಡಿ ಬಂದು, ಮಗ ಊಟಕ್ಕೆ ಕೂತಿದ್ದಾಗ, ಮೊಮ್ಮಗಳ ಎದುರು ನೆಲಕ್ಕೆ ಕೂತು ಹೇಳಿದರು. ಒಂದು ಮಾತನ್ನೂ ಮರೆಮಾಚಲಿಲ್ಲ. “ನಿನ್ನ ಹೊಟ್ಟೆ ನೋಯಿಸಿದ್ದು ನಾನು ಕಣೇ ಕಾಳು. ಚೆಲ್ಲೋಕೆ ಮನಸ್ಸು ಬರದೆ ನಿನಗೆ ತಿನ್ನಿಸಿದೆ.”

ಕಾಳು ತಾತನನ್ನು ನೋಡಿತು. ಆಮೇಲೆ ಹತ್ತಿರ ಹೋಗಿ ಅವರ ಒದ್ದೆ ತಲೆಯನ್ನು ತನ್ನ ಫ್ರಾಕಿನ ಅಂಚಿನಿಂದ ಒರೆಸಿತು. “ನಿಂಗೆ ಗೊತ್ತಿರ್ಲಿಲ್ಲ ತಾತ. ಪರವಾಗಿಲ್ಲ, ಅಳಬೇಡ.”

ಚೀಟಿಯಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಈಗ ತನ್ನ ಸರದಿ ಎಂದು ಮುಂದೆ ಬಂದಳು. “ನಾನೂ ತಪ್ಪು ಮಾಡಿದೆ ಕಂದ. ಸುಳ್ಳು ಅಂದೆ, ಬ್ಯಾಗ್ ಸುರಿದೆ…”

“ತಾತಂಗೆ ಹಿಟ್ಟಿನ ಬಗ್ಗೆ ಗೊತ್ತಿರ್ಲಿಲ್ಲ,” ಎಂದಳು ಮಗಳು. ಎಷ್ಟೋ ದಿನಗಳ ಮೇಲೆ ತಾಯಿಯ ಕಣ್ಣನ್ನು ನೇರವಾಗಿ ನೋಡಿ ಹೇಳಿದಳು. “ನಿಂಗೆ ನನ್ನ ಬಗ್ಗೆ ಗೊತ್ತಿತ್ತಲ್ಲಮ್ಮ.”

ಗಂಡ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಚೀಟಿಯಕ್ಕ “ಹೌದು, ಗೊತ್ತಿತ್ತು” ಎಂದಷ್ಟೇ ಹೇಳಿ ಬಡಿಸಲು ಹೋದಳು.

ಮರುದಿನದಿಂದ ಮತ್ತೆ ಮೊದಲಿಂದ ಶುರು. ಹಿಟ್ಟೇ ಬೇಡ ಎಂದು ಪಟ್ಟಿಯನ್ನು ಹರಿದು ಹೊಸದು ಬರೆದಳು. ಇಡೀ ಅಕ್ಕಿಯನ್ನು ತಂದು, ಕಡ್ಡಿ, ಬೇರೆ ಧಾನ್ಯ ಆರಿಸಿ, ಏಳು ನೀರಲ್ಲಿ ತೊಳೆದು, ನೆನೆಸಿ, ಮನೆಯಲ್ಲೇ ರುಬ್ಬಿ, ಆ ಹಿಟ್ಟನ್ನು ಒಲೆಯ ಮೇಲೆ ಕೆದಕಿ ಗಟ್ಟಿ ಮಾಡಿ ರೊಟ್ಟಿ ತಟ್ಟುವುದು. ಆರಿಸುವ ಕೆಲಸ ಮಾವನದು. ಸ್ನಾನ ಮಾಡಿ, ಉಗುರು ತಿಕ್ಕಿ, ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಮೊರ ಹಿಡಿದು ಒಂದೊಂದು ಅಕ್ಕಿಯನ್ನೂ ಹೊರಳಿಸಿ ನೋಡುತ್ತಿದ್ದರು. ಸಂಶಯ ಬಂದದ್ದನ್ನು ಕಿಟಕಿಯಾಚೆ ಎಸೆಯುತ್ತಿದ್ದರು. ಎಸೆಯುವಾಗಲೆಲ್ಲ ಅವರ ಮುಖ ಹಿಂಡಿದಂತಾಗುತ್ತಿತ್ತು, ಆದರೂ ಎಸೆಯುತ್ತಿದ್ದರು. ಬೀದಿಯ ಪಾರಿವಾಳಗಳೆಲ್ಲ ಆ ಕಿಟಕಿಯ ಕೆಳಗೇ ಸಂಸಾರ ಹೂಡಿದವು.

ಚೀಟಿಯಕ್ಕ ಬೆಳಿಗ್ಗೆ ಐದಕ್ಕೇ ಏಳುತ್ತಿದ್ದಳು. ರುಬ್ಬಿ, ತಟ್ಟಿ, ಡಬ್ಬಿ ಕಟ್ಟಿ, ಆಫೀಸಿಗೆ ಓಡಿ, ಸಂಜೆ ಬಂದು ಮತ್ತೆ ನೆನೆಹಾಕುವುದು. “ಇನ್ನೆಷ್ಟು ದಿನ ಅಂತ ಹೀಗೆ ಸಾಯ್ತೀಯಾ?” ಎಂದು ಜೊತೆಯ ಗುಮಾಸ್ತೆ ಕೇಳಿದರೆ, “ಅವಳು ನನಗಿಂತ ಎತ್ತರ ಆಗೋವರೆಗೆ” ಎಂದಳು. ನೋಟ್‌ಬುಕ್ಕಿನಲ್ಲಿ ಕೆಂಪು ಗುಂಡುಗಳು ನಿಂತವು. ಮಂಗಳವಾರಗಳು ಬಂದವು, ಸುಮ್ಮನೆ ಹೋದವು. ಮಗಳ ಮಾತು ಮೂರರಿಂದ ಹತ್ತಕ್ಕೇರಿತು, ಇಪ್ಪತ್ತಕ್ಕೇರಿತು, ಆದರೆ ಮೊದಲಿನ ಹಾಗಾಗಲಿಲ್ಲ. ಚೀಟಿಯಕ್ಕ ಒತ್ತಾಯ ಮಾಡಲಿಲ್ಲ. ಮಗಳ ಬ್ಯಾಗನ್ನು ಅವಳು ಕೈಯಿಂದ ಮುಟ್ಟುವುದನ್ನೇ ಬಿಟ್ಟಿದ್ದಳು. ರಕ್ತಪರೀಕ್ಷೆಯ ದಿನ ಹತ್ತಿರ ಬಂತು. ಇಳಿಯದಿದ್ದರೆ? ಇನ್ನೆಲ್ಲಿ ಹುಡುಕಲಿ? ಒಂದು ಬೆಳಿಗ್ಗೆ ಜಡೆ ಹಾಕುತ್ತ ಕೇಳಿದಳು, “ಹೊರಗೆಲ್ಲೂ ಏನೂ ತಿಂದಿಲ್ಲ ಅಲ್ವೇನೇ?”

“ಇಲ್ಲ,” ಎಂದಳು ಮಗಳು.

“ಸರಿ.” ಜಡೆ ಮುಂದುವರಿಯಿತು. ಆ ‘ಸರಿ’ಯ ಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಲಿಲ್ಲ.

ಮೂರು ತಿಂಗಳಾಗಿತ್ತು. ಡಾಕ್ಟರಮ್ಮನ ಕೋಣೆಯಲ್ಲಿ ಈ ಸಲ ನಾಲ್ಕೂ ಜನ. ಮಾವ ಬಿಳಿ ಅಂಗಿ ಹಾಕಿಕೊಂಡು ಗೋಡೆಗೆ ಆತು ನಿಂತಿದ್ದರು, ಗಂಡ ಅವರ ಪಕ್ಕದಲ್ಲಿ. ಲ್ಯಾಬಿನಿಂದ ಬಂದ ಲಕೋಟೆ ಮೇಜಿನ ಮೇಲಿತ್ತು, ಇನ್ನೂ ಒಡೆದಿರಲಿಲ್ಲ. ಡಾಕ್ಟರಮ್ಮ ಹಳೆಯ ಕಾಗದಗಳನ್ನು ತಿರುವಿ ನೋಡಿದರು.

“ಇದನ್ನ ತೆಗೆಯೋಕೆ ಮುಂಚೆ ಒಂದು ಮಾತು. ಹೊರಗೇನಾದ್ರೂ ತಿಂದಿದ್ದಾಳಾ?”

ಕಾಳಿನ ಕಾಲು ಆಡುವುದು ನಿಂತಿತು.

“ಇಲ್ಲ,” ಎಂದಳು ಚೀಟಿಯಕ್ಕ.

“ಖಚಿತವಾಗಿ ಹೇಳ್ತೀರಾ? ಮಕ್ಕಳು ನಮ್ಮ ಕಣ್ತಪ್ಪಿಸಿ…”

“ಆ ಕವರಲ್ಲಿ ಇನ್ನೂರಿರಲಿ, ಮುನ್ನೂರಿರಲಿ ಡಾಕ್ಟ್ರೇ. ಇವಳು ತಿಂದಿಲ್ಲ. ಜಾಸ್ತಿ ಬಂದಿದ್ರೆ ನಾನು ಮತ್ತೆ ಮನೆಯೆಲ್ಲ ಹುಡುಕ್ತೀನಿ, ಒಲೆ ಕಿತ್ತು ಹುಡುಕ್ತೀನಿ. ಇವಳನ್ನ ಹುಡುಕಲ್ಲ.”

“ಅಷ್ಟು ಧೈರ್ಯವಾಗಿ ಹೇಗೆ ಹೇಳ್ತೀರಮ್ಮ?”

“ಅವಳೇ ಹೇಳಿದ್ದಾಳಲ್ಲ.”

ಡಾಕ್ಟರಮ್ಮ ಲಕೋಟೆ ಒಡೆದರು. ಕಾಗದ ಬಿಡಿಸಿ, ಕನ್ನಡಕ ಸರಿಮಾಡಿಕೊಂಡರು. “ಅರವತ್ತೆರಡು,” ಎಂದರು.

ಗೋಡೆಗೆ ಆತು ನಿಂತಿದ್ದ ಮಾವ ಹಾಗೇ ಕುಕ್ಕರಿಸಿದರು, ಗಂಡ ಅವರ ರಟ್ಟೆ ಹಿಡಿದುಕೊಂಡ. ಚೀಟಿಯಕ್ಕ ಆ ಕಡೆ ತಿರುಗಲಿಲ್ಲ. ಪಕ್ಕದ ಕುರ್ಚಿಯಿಂದ ಮಗಳು ಇಳಿದು ಬಂದು, ಹತ್ತು ವರ್ಷದವಳು ಎಂಬುದನ್ನೂ ಮರೆತು, ಅವಳ ತೊಡೆಯ ಮೇಲೆ ಏರಿ ಕೂತಿದ್ದಳು. ಭಾರವಾಗಿದ್ದಳು.

“ನಾನು ಆವತ್ತೇ ಹೇಳಿರ್ಲಿಲ್ವಾಮ್ಮ?”

“ಹೇಳಿದ್ದೆ ಕಣೇ,” ಎಂದಳು ಚೀಟಿಯಕ್ಕ. “ನಾನೇ ಕೇಳಿಸ್ಕೊಳ್ಳಲಿಲ್ಲ.”